ಬೀಗವೇ ಕಾಯಂ ಆದ ಆಫೀಸು

ಆಫೀಸು ಸ್ಥಳಾಂತರವೆಂದರೆ ಆರು ತಿಂಗಳ ಮೀಟಿಂಗು, ನಂಬರು ಬರೆದ ರಟ್ಟಿನ ಡಬ್ಬ, ಕಿಟಕಿ ಪಕ್ಕದ ಕುರ್ಚಿಗಾಗಿ ಒಳಗೊಳಗೇ ಜಗಳ. ಬೆಂಗಳೂರಾದರೆ ಗಣಹೋಮ, ಹೊಸಿಲಲ್ಲಿ ಒಡೆದ ಬೂದುಗುಂಬಳ, ಕಂಪ್ಯೂಟರಿನ ಹಣೆಗೆ ಕುಂಕುಮ.

ಸಿಯಾಟಲ್ ಪಕ್ಕದ ಮರ್ಸರ್ ಐಲ್ಯಾಂಡಿನ ಸಿಟಿ ಹಾಲ್‌ಗೆ ಈ ಯಾವ ಭಾಗ್ಯವೂ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಒಡೆದ ಟೈಲುಗಳಲ್ಲಿ ಆಸ್ಬೆಸ್ಟಾಸ್ ಪತ್ತೆಯಾಗಿ ಕಟ್ಟಡಕ್ಕೆ ಬೀಗ ಬಿತ್ತು. ದೂರೋಣವೆಂದರೆ ಆಷಾಢವೂ ಅಲ್ಲ, ಇನ್ನೂ ಚೈತ್ರ! ನೌಕರರು ಮನೆಯಿಂದಲೋ ಸಿಕ್ಕ ಬೇರೆ ಕಟ್ಟಡದಿಂದಲೋ ಕೆಲಸಕ್ಕೆ ಕೂತರು. ಕೌನ್ಸಿಲ್ ಸಭೆ ಸಮುದಾಯ ಭವನಕ್ಕೆ ಹೊರಟಿತು. ಅಕ್ಟೋಬರ್‌ನಲ್ಲಿ ಬೀಗ ಶಾಶ್ವತವೆಂದು ತೀರ್ಮಾನವಾಯಿತು. ನಮ್ಮಲ್ಲಿ ತಾತ್ಕಾಲಿಕ ಗುಮಾಸ್ತನೊಬ್ಬ ಕಾಯಂ ಆಗುವಷ್ಟರಲ್ಲಿ ತಲೆ ನರೆಯುತ್ತದೆ; ಈ ಬೀಗಕ್ಕೆ ಆರೇ ತಿಂಗಳು ಸಾಕಾಯಿತು.

ಇನ್ನು ದ್ವೀಪ ಬಿಟ್ಟೇ ಹೋಗುವ ಆಫೀಸಿನ ಲಾರಿಗೆ ಐ-90 ಹೆದ್ದಾರಿಯ ಸೇತುವೆಗಳೇ ಗತಿ. ಪಶ್ಚಿಮದತ್ತ ಹೊರಟರೆ ದ್ವೀಪದ ಸುತ್ತಲಿನ ಸರೋವರದ ಮೇಲೆ ತೇಲುವ ಸೇತುವೆ. 1940ರಲ್ಲಿ ತೆರೆದ ಹಳೆಯದು, 1990ರ ನವೆಂಬರ್‌ನಲ್ಲಿ, ಅದೂ ದುರಸ್ತಿ ನಡೆಯುತ್ತಿರುವಾಗಲೇ, ಮುಳುಗಿತ್ತು. ಸ್ಥಳಾಂತರದ ಪಟ್ಟಿಯಲ್ಲಿ ‘ರಸ್ತೆ ಮುಳುಗಿದರೆ?’ ಎಂಬ ಕಾಲಂ ಬೇಕಾದ ಊರು ಇನ್ನೆಲ್ಲಿದೆ — ಮಳೆಗಾಲದ ಬೆಳ್ಳಂದೂರು ಬಿಟ್ಟರೆ?