ಅಣ್ಣಿಗೇರಿಯ ಗೂಡ್ಸ್ ವ್ಯಾಗನ್: ಕಾಲನಿರ್ಣಯದ ಒಂದು ಪ್ರಯತ್ನ

ಅಣ್ಣಿಗೇರಿಯೊಡನೆ ಪಂಪನಿಗಿದ್ದ ನಂಟಿನ ಬಗ್ಗೆ, ಅವನ ಕಾಲ ದೇಶ ಮತಗಳ ಬಗ್ಗೆ ನಮ್ಮ ವಿದ್ವಾಂಸರು ಖರ್ಚು ಮಾಡಿದ ಶಾಯಿಗೆ ಲೆಕ್ಕವಿಲ್ಲ. ಅದೇ ಅಣ್ಣಿಗೇರಿಯ ಸ್ಟೇಶನ್ನಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಂದು ನಿಂತು ಹೋದ ಗೂಡ್ಸ್ ವ್ಯಾಗನ್ನಿನ ಕಾಲನಿರ್ಣಯಕ್ಕೆ ಮಾತ್ರ ಒಂದು ತೊಟ್ಟೂ ಬಿದ್ದಿಲ್ಲ. ಈ ಲೋಪದ ಫಲವನ್ನು ಅನುಭವಿಸುತ್ತಿರುವವರು ಆಟಿಕೆ ರೈಲಿನ ಉಪಾಸಕರು. ಮೇಜಿನ ಮೇಲೆ ಅಣ್ಣಿಗೇರಿಯನ್ನು 1:87ರ ಪ್ರಮಾಣದಲ್ಲಿ ಕಟ್ಟಬೇಕೆನ್ನುವ ಭಕ್ತನು ವ್ಯಾಗನ್ನಿನ ಮೈಮೇಲಿನ ಅಕ್ಷರಗಳನ್ನು ಓದಿ, ಇದು ಇಂಥ ಕಂಪನಿಯದು, ಆದ್ದರಿಂದ ಇಂಥ ಕಾಲದ್ದು ಎಂದು ತೀರ್ಮಾನಿಸುತ್ತಾನೆ. ಈ ಕ್ರಮವೇ ತಲೆಕೆಳಗು. ಗೇಜು ಮೊದಲು, ಸುಗ್ಗಿ ಎರಡನೆಯದು, ಅಕ್ಷರ ಕಟ್ಟಕಡೆಯದು. ಇದು ನಮ್ಮ ಸಿದ್ಧಾಂತ.

ಗೇಜನ್ನು ಮೊದಲು ನೋಡೋಣ. 1876–78ರ ಬರದ ನೆನಪು ಇನ್ನೂ ಹಸಿಯಾಗಿದ್ದಾಗ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಈ ಎರೆ ಭೂಮಿಯಲ್ಲಿ ಹಾಸಿದ್ದು ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ 1000 ಮಿ.ಮೀ. ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ಅದು ಬ್ರಾಡ್ ಗೇಜ್ ಆಗಿ 1676 ಮಿ.ಮೀ.ಗೆ ಅಗಲವಾದದ್ದು 1990ರ ದಶಕದಲ್ಲಿ. ಆ ನಡುವಿನ ಯಾವ ವರ್ಷವನ್ನು ಆರಿಸಿದರೂ ಬ್ರಾಡ್ ಗೇಜಿನ ವ್ಯಾಗನ್ ಅಣ್ಣಿಗೇರಿಗೆ ಬರಲಾರದು. ಎರಡೂ ಗೇಜು ಸಂಧಿಸುವ ಹೊಟಗಿಯವರೆಗೆ ಬಂದು, ಅಲ್ಲಿ ಸರಕನ್ನೆಲ್ಲ ಹಮಾಲರ ಬೆನ್ನಿಗೆ ಒಪ್ಪಿಸಿ ಹಿಂದಿರುಗಬೇಕು. ಇನ್ನು 1:87ರ ಮಾದರಿಗೆಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಎಚ್‌ಒ ಎಂಬ ಆಟಿಕೆ ಹಳಿಯ ಅಗಲ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ ಬರುವುದು ಇಂಗ್ಲೆಂಡ್ ಅಮೆರಿಕಗಳ 1435 ಮಿ.ಮೀ. ಧಾರವಾಡ ಜಿಲ್ಲೆಯ ಈ ಹಾದಿಯಲ್ಲಿ ಮೊದಲು ಇದ್ದದ್ದೂ ಅದಲ್ಲ, ಆಮೇಲೆ ಬಂದದ್ದೂ ಅದಲ್ಲ. ಎರಡು ಸತ್ಯಗಳ ನಡುವೆ ಇಷ್ಟು ಕರಾರುವಾಕ್ಕಾಗಿ ಸುಳ್ಳು ಹೇಳುವ ಹಳಿ ಬೇರೆ ಸಿಗಲಿಕ್ಕಿಲ್ಲ.

ಇಲ್ಲಿ ಪೂರ್ವಪಕ್ಷದವರು ಒಂದು ಜಾಣ ವಾದ ಹೂಡುತ್ತಾರೆ: ಹಳಿ ಇದ್ದಹಾಗೇ ಇರಲಿ, ಪ್ರಮಾಣವನ್ನು ಬದಲಿಸಿದರಾಯಿತು. 16.5 ಮಿ.ಮೀ. ಹಳಿಯನ್ನೇ ಮೀಟರ್ ಗೇಜ್ ಎಂದು ಘೋಷಿಸಿದರೆ ಲೋಕದ ಪ್ರಮಾಣ ಸುಮಾರು 1:61 ಆಗುತ್ತದೆ. ಬ್ರಾಡ್ ಗೇಜ್ ಎಂದು ಘೋಷಿಸಿದರೆ ಸುಮಾರು 1:102. ಗಣಿತದಲ್ಲಿ ತಪ್ಪಿಲ್ಲ. ಆದರೆ ಪರಿಣಾಮವನ್ನು ಗಮನಿಸಬೇಕು. ಐದು ಅಡಿ ಆರು ಇಂಚಿನ ಸ್ಟೇಶನ್ ಮಾಸ್ತರರು ಗೇಜ್ ಪರಿವರ್ತನೆಗೆ ಮುಂಚೆ ಮೇಜಿನ ಮೇಲೆ ಸುಮಾರು 28 ಮಿ.ಮೀ. ಎತ್ತರ ಇದ್ದವರು, ಪರಿವರ್ತನೆಯ ಮರುದಿನ 16.5 ಮಿ.ಮೀ.ಗೆ ಇಳಿಯುತ್ತಾರೆ. ಅಮೃತೇಶ್ವರ ಗುಡಿಯೂ ಕುಗ್ಗುತ್ತದೆ. ಹಳಿ ಒಂದು ಕೂದಲೆಳೆಯಷ್ಟೂ ಅಲುಗದೆ ಊರೆಲ್ಲ ಸಣ್ಣದಾಗುವ ಇಂಥ ಪರಿವರ್ತನೆ ರೈಲ್ವೆ ಮಂಡಳಿಯ ಯಾವ ಯೋಜನೆಯಲ್ಲೂ ಇರಲಿಲ್ಲ. ಬ್ರಾಡ್ ಗೇಜಿನ ಅಗಲವೂ ಸರಿಯಾಗಿ ಐದು ಅಡಿ ಆರು ಇಂಚೇ ಆದ್ದರಿಂದ ಮಾಸ್ತರರು ಎರಡು ಹಳಿಗಳ ನಡುವೆ ಅಡ್ಡಲಾಗಿ ಮಲಗಿ ಪ್ರಮಾಣವನ್ನು ಪರೀಕ್ಷಿಸಬಹುದು ಎಂಬ ಅನುಕೂಲವೊಂದನ್ನು ಮಾತ್ರ ನಾವು ಒಪ್ಪುತ್ತೇವೆ. ಉಳಿದಂತೆ 1:87ರಲ್ಲೇ ನಿಂತು, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳಿಗಾಗಿ ತಯಾರಾಗುವ 12 ಮಿ.ಮೀ. ಹಳಿಯನ್ನು ತರಿಸುವುದೇ ಶಾಸ್ತ್ರಸಮ್ಮತ. ಹಳಿಯನ್ನು ಮಾತ್ರ ತರಿಸಬೇಕು; ಆಲ್ಪ್ಸ್ ಪರ್ವತದ ವ್ಯಾಗನ್ನಿಗೆ ಕುಂದಗೋಳದ ಮೆಣಸಿನಕಾಯಿ ತುಂಬುವುದು ಅಪಚಾರ.

ಗೇಜಿನಿಂದ ಶತಮಾನ ಸಿಕ್ಕಿತು. ತಿಂಗಳು ಸಿಗಬೇಕಾದರೆ ಹೊಲಕ್ಕೆ ಹೋಗಬೇಕು. ಮಾದರಿಕಾರರು ವರ್ಷವನ್ನು ಆರಿಸಿ ಕೈತೊಳೆದುಕೊಳ್ಳುತ್ತಾರೆ, ಗೂಡ್ಸ್ ಗಾಡಿ ವರ್ಷಪೂರ್ತಿ ಒಂದೇ ಸರಕು ಹೊರುತ್ತದೆ ಎಂಬಂತೆ. ಅಣ್ಣಿಗೇರಿ, ನವಲಗುಂದದ ಎರೆ ಹೊಲದಲ್ಲಿ ಜವಾರಿ ಹತ್ತಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಆದಕಾರಣ ಹೋಳಿ ಹುಣ್ಣಿಮೆಗೆ, ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಜನ ಹರಕೆ ಹೊತ್ತು ನಿಂತ ಹೊತ್ತಿಗೆ, ಅಣ್ಣಿಗೇರಿಯಲ್ಲಿ ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗಳ ಸಾಲು ಇರಲೇಬೇಕು. ನವಲಗುಂದಕ್ಕೆ ಹತ್ತಿರದ ಹಳಿ ಅಣ್ಣಿಗೇರಿಯದೇ. ಕಾರಹುಣ್ಣಿಮೆಯ ದಿನ ಅದೇ ಅಂಗಳದಲ್ಲಿ ಹೊಸ ಹತ್ತಿಯ ರಾಶಿ ಇಟ್ಟವನು ಎತ್ತುಗಳ ಕೊಂಬಿಗೆ ಎಷ್ಟೇ ಅಂದವಾಗಿ ಬಣ್ಣ ಹಚ್ಚಿದರೂ ಕಾಲದೋಷಕ್ಕೆ ಗುರಿಯಾಗುತ್ತಾನೆ. ಸೀಗಿ ಹುಣ್ಣಿಮೆಯ ಮಾದರಿಯಂತೂ ಬಹಳ ಅಗ್ಗ: ಹಿಂಗಾರಿ ಬಿತ್ತನೆಯ ಗಡಿಬಿಡಿ, ಹತ್ತಿಯ ವ್ಯಾಗನ್ನಿಗೆ ರಜೆ. ಹತ್ತಿಯ ತೂಕಕ್ಕೂ ಇಲ್ಲಿ ನಿಯಮವಿದೆ. 170 ಕಿಲೋದ ಒತ್ತಿದ ಬೇಲನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ 87 ಪಾಲು ಕಿರಿದು ಮಾಡಿದರೆ ಉಳಿಯುವುದು ಸುಮಾರು ಕಾಲು ಗ್ರಾಂ. ಹೊಲದ ಒಂದೇ ಕಾಯಿಯ ಅರಳೆಯಲ್ಲಿ ಎರಡು ಬೇಲ್ ಹೊರಡುತ್ತವೆ. ಮಾರುಕಟ್ಟೆಯ ಏರಿಳಿತ ಬಲ್ಲ ಯಾವ ರೈತನೂ ಈ ಇಳುವರಿಯನ್ನು ನಂಬಲಾರ.

ಆದರೆ ಮೀಟರ್ ಗೇಜ್ ಕಾಲದ ಬಹುಪಾಲು ವ್ಯಾಗನ್ ನಾಲ್ಕು ಗಾಲಿಯ, ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಉಗಿಬಂಡಿಯ ಕಿಡಿಗೂ ಹತ್ತಿಗೂ ಆಗಿಬರದು. ಬಾಗಿಲು ಹಾಕಿದ ಮೇಲೆ ಒಳಗೆ ಹತ್ತಿ ಇದ್ದರೇನು, ಕಡಲೆ ಇದ್ದರೇನು, ಯಾರು ನೋಡುತ್ತಾರೆ ಎಂಬ ಆಕ್ಷೇಪವುಂಟು. ಪ್ರತ್ಯಕ್ಷವೊಂದೇ ಪ್ರಮಾಣವೆಂದು ನಂಬಿದ ಚಾರ್ವಾಕರ ಮಾತು ಇದು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯುಂಟೆಂದು ತಿಳಿಯುವ ನೈಯಾಯಿಕನು ಕುಂದಗೋಳದ ಪ್ಲಾಟ್‌ಫಾರ್ಮಿನಲ್ಲಿ ಹಮಾಲರೆಲ್ಲ ಸೀನುತ್ತಿರುವುದನ್ನು ಕಂಡು ವ್ಯಾಗನ್ನಿನಲ್ಲಿ ಮೆಣಸಿನಕಾಯಿಯುಂಟೆಂದು ತಿಳಿಯುತ್ತಾನೆ. 1:87ರ ಹಮಾಲನಿಗೆ ಸೀನುವ ಭಂಗಿ ಕೊಡುವುದು ಕಷ್ಟ ಎಂಬುದು ಶಿಲ್ಪಿಯ ಕಷ್ಟವೇ ಹೊರತು ತರ್ಕದ್ದಲ್ಲ.

ಈಗ ಅಕ್ಷರ. ವ್ಯಾಗನ್ನಿನ ಮೈಮೇಲೆ ಒಡೆಯನ ಹೆಸರು, ಸಂಖ್ಯೆ, ಖಾಲಿ ತೂಕ, ಹೊರಬಲ್ಲ ಭಾರ, ವರ್ಕ್‌ಶಾಪಿಗೆ ಮರಳಬೇಕಾದ ದಿನಾಂಕ ಇಷ್ಟೂ ಇರುತ್ತವೆ. ಶಾಸನದ ಎಲ್ಲ ಲಕ್ಷಣವೂ ಉಂಟು. ಅಳಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವಾಕ್ಯ ಒಂದು ಕಡಿಮೆ. ಆ ಕೊರತೆಯಿಂದಲೇ ಇರಬೇಕು, ಇದನ್ನು ಅಳಿಸಿ ಅಳಿಸಿ ಬರೆದರು. 1908ರಲ್ಲಿ ಸದರ್ನ್ ಮರಾಠಾ ರೈಲ್ವೆಯು ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ. 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ. ಹಾಗಾದರೆ 1952ರ ಹೋಳಿಯ ಮಾದರಿಯಲ್ಲಿ ಎಲ್ಲ ವ್ಯಾಗನ್ನಿಗೂ ದಕ್ಷಿಣ ರೈಲ್ವೆಯ ಅಕ್ಷರ ಬರೆಯಬೇಕಲ್ಲವೇ ಎಂದರೆ, ಬರೆಯಕೂಡದು. ಕಂಪನಿಗಳು ದೆಹಲಿಯ ಸಹಿಯಿಂದ ಒಂದಾಗುತ್ತವೆ, ವ್ಯಾಗನ್ನುಗಳು ಬಣ್ಣದ ಬ್ರಶ್ ತಲುಪಿದಾಗ. ಸರದಿ ಬಂದು ವರ್ಕ್‌ಶಾಪ್ ಸೇರುವ ತನಕ ಹಳೆಯ ಹೆಸರೇ ಹೊತ್ತು ತಿರುಗುತ್ತವೆ. ಮೇಲಾಗಿ ಮೀಟರ್ ಗೇಜ್ ಹರಿಹರ ದಾಟಿ ಮೈಸೂರು ರೈಲ್ವೆಗೂ ಅದರಾಚೆಗೂ ಹರಡಿದ್ದರಿಂದ ಪರವೂರ ವ್ಯಾಗನ್ ಇಲ್ಲಿಗೆ, ಇಲ್ಲಿಯದು ಪರವೂರಿಗೆ. ಎಲ್ಲ ವ್ಯಾಗನ್ನೂ ಒಂದೇ ಹೆಸರಿನ, ಒಂದೇ ಬಣ್ಣದ, ಹೊಸ ಮಾದರಿ ಎಲ್ಲಿ ಕಂಡರೂ ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಬಹುದು. ಪಾಠಾಂತರ ಇರುವ ಪ್ರತಿಯೇ ಹೆಚ್ಚು ನಂಬಿಕಸ್ತ.

ಈಚಿನ ಕಾಲ ಬೇಕೆಂಬವರಿಗೆ ಒಂದು ಎಚ್ಚರಿಕೆ ಸಾಕು. ಕಲ್ಲಿದ್ದಲು ಹೊರುವ ಬಾಕ್ಸ್-ಎನ್ ವ್ಯಾಗನ್ ಒಂದರ ಉದ್ದ 10.713 ಮೀಟರ್, 58 ವ್ಯಾಗನ್ನಿನ ಗಾಡಿ 1:87ರಲ್ಲಿ ಏಳು ಮೀಟರಿಗೂ ಹೆಚ್ಚು. ಎಂಜಿನ್ ದೇವರಮನೆಯಲ್ಲಿದ್ದರೆ ಗಾರ್ಡು ದನದ ಕೊಟ್ಟಿಗೆಯಲ್ಲಿರುತ್ತಾನೆ. ಇಷ್ಟಾಗಿ ಅದು ಅಣ್ಣಿಗೇರಿಯಲ್ಲಿ ನಿಲ್ಲದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಓಡಬೇಕಾದ ಗಾಡಿ. ಹತ್ತಿ ಎಂದೋ ಲಾರಿ ಹತ್ತಿಯಾಗಿದೆ.

ಜಿಲ್ಲೆಯ ಇನ್ನೊಂದು ತಾಲ್ಲೂಕಾದ ಕಲಘಟಗಿಯವರು ತಮ್ಮನ್ನು ಕೈಬಿಟ್ಟಿರೆಂದು ಮುನಿಸಿಕೊಳ್ಳಬಾರದು. ನಿಖರತೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಆ ತಾಲ್ಲೂಕಿನ ಮೂಲಕ ಸಾಗುವುದೆಂದು ಮಂಜೂರಾದದ್ದು 1990ರ ದಶಕದಲ್ಲಿ. ಪಶ್ಚಿಮ ಘಟ್ಟದ ಕಾಡಿನ ಅನುಮತಿಯ ವಿಚಾರಣೆಯಲ್ಲಿ ಅದು ಇಂದಿಗೂ ಓಡುತ್ತಿದೆ. ಅಲ್ಲಿ ಗೇಜಿನ ಜಗಳವಿಲ್ಲ, ಅಕ್ಷರದ ಜಗಳವಿಲ್ಲ, ವ್ಯಾಗನ್ನು ಖರೀದಿಸುವ ಖರ್ಚಿಲ್ಲ. ಮಾದರಿಕಾರನು ಬಣ್ಣದ ತೊಟ್ಟಿಲುಗಳ ಒಂದು ಅಂಗಡಿ, ಸ್ವಲ್ಪ ಭತ್ತದ ಗದ್ದೆ ಮಾಡಿ, ಉಳಿದ ಜಾಗದಲ್ಲಿ ಕಡತಗಳನ್ನು ಜೋಡಿಸಿದರಾಯಿತು. ಎ4 ಹಾಳೆಯೊಂದು 1:87ರಲ್ಲಿ ಸುಮಾರು 3.4 ಮಿ.ಮೀ. ಉದ್ದ ಬರುತ್ತದೆ, ಕತ್ತರಿ ಹರಿತವಾಗಿರಬೇಕು, ಹಾಳೆ ಬಹಳ ಬೇಕಾಗುತ್ತವೆ.