ಎರಡನೇ ತರಗತಿಯ ಸೀಲಿಂಗ್ ಫ್ಯಾನಿಗೊಂದು ಬಹಿರಂಗ ಪತ್ರ

ಗೆ,
ಶ್ರೀಯುತ ಸೀಲಿಂಗ್ ಫ್ಯಾನ್ ಅವರು,
ಎರಡನೇ ತರಗತಿ ಕೊಠಡಿ.

ವಿಷಯ: ತಮ್ಮ ಬೋಧನಾ ಸೇವೆಯನ್ನು ಶ್ಲಾಘಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಮೂರನೇ ಬೆಂಚಿನಲ್ಲಿ ಕೂರುವ ಹುಡುಗಿಗೆ ಶಾಲೆ ಶುರುವಾದ ದಿನದಿಂದ ಪಾಠ ಹೇಳುತ್ತಿರುವವರು ತಾವೇ. ಹಾಜರಿ ಪುಸ್ತಕದಲ್ಲಿ ಟೀಚರ್ ಸಹಿ ಇದೆ, ಸಂಬಳವೂ ಅವರ ಖಾತೆಗೇ ಹೋಗುತ್ತದೆ. ಆದರೆ ಹುಡುಗಿಯ ಎರಡೂ ಕಿವಿಗಳ ಹಿಂದಿರುವ ಶ್ರವಣ ಮಷೀನುಗಳಿಂದ ಅಳತೆ ಟೇಪು ಹಿಡಿದು ನೋಡಿದರೆ, ತಾವು ತಲೆಯ ಮೇಲೆ ಐದಾರು ಅಡಿ ದೂರದಲ್ಲಿದ್ದೀರಿ. ಟೀಚರ್ ಕಪ್ಪುಹಲಗೆಯ ಹತ್ತಿರ ಹದಿನೈದು ಅಡಿ ಆಚೆ ನಿಂತಿದ್ದಾರೆ. ಯಾರ ಮಾತು ಮೊದಲು ತಲುಪುತ್ತದೆ ಎನ್ನುವುದಕ್ಕೆ ತನಿಖಾ ಸಮಿತಿ ಬೇಕಾಗಿಲ್ಲ.

ಈ ಶಾಲೆ ಯಾವುದೆಂದು ಯಾರೂ ಹುಡುಕುವುದು ಬೇಡ. ಸೂರಿನಲ್ಲಿ ಕೊಕ್ಕೆಯಿರುವ ಕಡೆಯೆಲ್ಲ ತಾವಿದ್ದೀರಿ.

ಹುಡುಗಿಗೆ ಮಷೀನು ಬಂದ ದಿನ ಶಾಲೆಯವರೆಲ್ಲ ನಿಟ್ಟುಸಿರು ಬಿಟ್ಟಿದ್ದರು. ಇನ್ನು ಮುಂದೆ ಅವಳಿಗೆ ಕೇಳಿಸುತ್ತದೆ, ಆದ್ದರಿಂದ ಮಾತು ಬರುತ್ತದೆ, ಆದ್ದರಿಂದ ಮಗ್ಗಿಯೂ ಬರುತ್ತದೆ ಎಂಬ ಲೆಕ್ಕ. ಕನ್ನಡಕ ಹಾಕಿದ ಹುಡುಗನಿಗೆ ಬೋರ್ಡು ಕಂಡ ಹಾಗೆ ಎಂದು ಅವರು ತಿಳಿದಿದ್ದರು. ಈಗ ಮೂರು ತಿಂಗಳಿಗೊಮ್ಮೆ ಅಪ್ಪನನ್ನು ಕರೆಸಿ ಒಂದೇ ಮಾತು ಹೇಳುತ್ತಾರೆ: ‘ಮಷೀನು ಹಾಕಿದ ಮೇಲೂ ಗಮನ ಕೊಡಲ್ಲ ಸಾರ್ ನಿಮ್ಮ ಮಗಳು.’ ಅಪ್ಪ ಮನೆಗೆ ಹೋಗಿ ಅದನ್ನೇ ಮಗಳಿಗೆ ಹೇಳುತ್ತಾನೆ, ಸ್ವಲ್ಪ ಗಟ್ಟಿಯಾಗಿ.

ಮಷೀನಿನ ಪರವಾಗಿ ಎರಡು ಮಾತು. ಅದು ತನ್ನ ಮೈಕಿಗೆ ಬಂದದ್ದನ್ನು ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ. ಈಗಿನ ಡಿಜಿಟಲ್ ಮಷೀನುಗಳು ಗದ್ದಲವನ್ನು ಒಂದಿಷ್ಟು ತಗ್ಗಿಸುತ್ತವೆ, ಆದರೆ ಗದ್ದಲದೊಳಗಿಂದ ಪಾಠವನ್ನು ಹೆಕ್ಕಿ ತೆಗೆಯುವ ವಿದ್ಯೆ ಅವಕ್ಕಿನ್ನೂ ಪೂರ್ತಿ ಸಿದ್ಧಿಸಿಲ್ಲ. ಒಂದೆರಡು ಮೀಟರಿನೊಳಗೆ ಎದುರು ಕೂತು ಮಾತಾಡುವವರ ಜೊತೆ ಅವು ಬಲು ಚೆನ್ನಾಗಿ ದುಡಿಯುತ್ತವೆ. ಬಯಲಿನಲ್ಲಿ ಮಾತಾಡುವವರ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಇಳಿಕೆ ಅಷ್ಟಿರುವುದಿಲ್ಲ, ನಿಜ. ಆ ಕೊರತೆಯನ್ನು ಗೋಡೆಗಳಿಂದ ಪುಟಿದು ಬಂದ ಪ್ರತಿಧ್ವನಿ ತುಂಬುತ್ತದೆ. ಅದೂ ಪಾಠದ ಮೇಲೆ ಪಾಠವನ್ನೇ ಮೆತ್ತುವ ಕೆಲಸ. ಕಡಪಾ ಕಲ್ಲಿನ ನೆಲ, ಸಿಮೆಂಟಿನ ಗೋಡೆ, ಆರ್‌ಸಿಸಿ ಸೂರು, ಪರದೆಯಿಲ್ಲದ ಕಿಟಕಿ: ಇಂಥ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ತಮಗೆಷ್ಟು ಮಂದಿ ಸಹೋದ್ಯೋಗಿಗಳಿದ್ದಾರೆಂದು ಗೊತ್ತಾಗುತ್ತದೆ.

ಕನ್ನಡ ಪಾಠದಲ್ಲಂತೂ ತಮ್ಮ ಸಾಧನೆ ಅಸಾಮಾನ್ಯ. ಕನ್ನಡದ ವ್ಯಾಕರಣ ಪದದ ಬಾಲದಲ್ಲಿರುತ್ತದೆ. ಓದಿದ, ಓದಿದಳು, ಓದಿದರು. ಮನೆಗೆ, ಮನೆಯಲ್ಲಿ, ಮನೆಯಿಂದ. ಮಾತಾಡುವವರ ಉಸಿರು ಇಳಿಯುವುದೂ ಆ ಬಾಲದ ಹತ್ತಿರವೇ. ತಮ್ಮ ಗೊರಗೊರ ದನಿ ಕೆಳಸ್ಥಾಯಿಯದ್ದು. ಕೆಳಸ್ಥಾಯಿಯ ಸದ್ದಿಗೆ ತನಗಿಂತ ಮೇಲಿನ ಸ್ಥಾಯಿಯ ಸಣ್ಣ ದನಿಗಳನ್ನೂ ಮುಚ್ಚಿಹಾಕುವ ಗುಣವಿದೆ ಎನ್ನುವುದು ಶ್ರವಣವಿಜ್ಞಾನದ ಹಳೆಯ ಪಾಠ. ‘ಸ್’ ಎಂಬ ಸದ್ದಿನ ಬಹುಪಾಲು ಶಕ್ತಿ 4000 ಹರ್ಟ್ಸ್‌ಗೂ ಮೇಲಿದೆ, ಅದೂ ತೀರಾ ಸಣ್ಣದಾಗಿ. ಹೀಗಾಗಿ ಹುಡುಗಿಗೆ ಪದದ ಹೊಟ್ಟೆ ಕೇಳಿಸುತ್ತದೆ, ತುದಿ ಕೇಳಿಸುವುದಿಲ್ಲ. ಕೇಳಿಸದ್ದನ್ನು ಅವಳು ಆಡುವುದಿಲ್ಲ, ಆಡದ್ದನ್ನು ಬರೆಯುವುದಿಲ್ಲ. ಉಕ್ತಲೇಖನದ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿರುವುದೆಲ್ಲ ಪದದ ಕೊನೆಯ ಅಕ್ಷರಕ್ಕೆ. ಆ ಸುತ್ತುಗಳ ಕೆಳಗೆ ತಮ್ಮ ಸಹಿ ಹಾಕಿಸಬೇಕಾದ್ದು ನ್ಯಾಯ.

ಟೀಚರ್ ಸುಮ್ಮನೆ ಕೂತಿಲ್ಲ. ಕೂಗುತ್ತಾರೆ. ಕೂಗಿದಾಗ ‘ಆ’, ‘ಓ’ ಎಂಬ ಸ್ವರಗಳು ದಪ್ಪವಾಗುತ್ತವೆ, ‘ಸ್’, ‘ಶ್’, ‘ತ್’ಗಳು ಇದ್ದಲ್ಲೇ ಇರುತ್ತವೆ; ತುಟಿ ಸೊಟ್ಟಗಾಗಿ, ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದುದೂ ತಪ್ಪುತ್ತದೆ. ಜೊತೆಗೆ ಟೀಚರ್ ಗಂಟಲು ಶುಕ್ರವಾರದ ಹೊತ್ತಿಗೆ ಕಟ್ಟುತ್ತದೆ. ತಮ್ಮ ಗಂಟಲಿಗೆ ಮಾತ್ರ ಏನೂ ಆಗುವುದಿಲ್ಲ, ವರ್ಷಕ್ಕೊಮ್ಮೆ ಎಣ್ಣೆ ಬಿಡದಿದ್ದರೂ.

ತಮ್ಮ ವಿರುದ್ಧ ಪರೀಕ್ಷೆಯೊಂದಿದೆ ಎಂದು ತಿಳಿಸಲು ಸಂಕೋಚವಾಗುತ್ತದೆ. ಕೆನಡಾದಲ್ಲಿ ಕಿವುಡು ಮಕ್ಕಳ ಶಿಕ್ಷಣಕ್ಕಾಗಿ ದುಡಿದ ಡೇನಿಯಲ್ ಲಿಂಗ್ ಎಂಬವರ ಹೆಸರಿನಲ್ಲಿ ಅದು ಪ್ರಸಿದ್ಧ. ಆರೇ ಸದ್ದು: ಮ್, ಊ, ಆ, ಈ, ಶ್, ಸ್. ಮಾತಿನ ಕೆಳಸ್ಥಾಯಿಯಿಂದ ಮೇಲಿನ ಸ್ಥಾಯಿಯವರೆಗೆ ಈ ಆರು ಹರಡಿಕೊಂಡಿವೆ. ಟೀಚರ್ ಬಾಯಿ ಕಾಣದಂತೆ ನಿಂತು ಒಂದೊಂದನ್ನೇ ಹೇಳುವುದು, ಮಗು ತಿರುಗಿ ಹೇಳುವುದು. ನಡುನಡುವೆ ಸುಮ್ಮನಿದ್ದು ಮಗು ಊಹಿಸುತ್ತಿಲ್ಲವಷ್ಟೇ ಎಂದು ನೋಡುವುದು. ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ, ಸುತ್ತೋಲೆ ಬೇಕಿಲ್ಲ. ಮಷೀನಿನ ಬ್ಯಾಟರಿ ಸತ್ತಿದೆಯೇ, ಕಿವಿಯೊಳಗೆ ಕೂರುವ ಕಿವಿಯಚ್ಚಿಗೆ ಗುಗ್ಗೆ ಕಟ್ಟಿದೆಯೇ ಎಂದು ಪ್ರಾರ್ಥನೆಗೆ ಮೊದಲೇ ತಿಳಿಯುತ್ತದೆ. ಅದನ್ನೇ ಒಮ್ಮೆ ಎದುರು ಕೂತು, ಒಮ್ಮೆ ಕಪ್ಪುಹಲಗೆಯ ಬಳಿಯಿಂದ, ಒಮ್ಮೆ ತಾವು ರಜೆಯಲ್ಲಿರುವಾಗ, ಒಮ್ಮೆ ತಾವು ಐದನೇ ನಂಬರಿನಲ್ಲಿ ಸೇವೆಯಲ್ಲಿರುವಾಗ ಮಾಡಿ ಅಂಕ ಬರೆದಿಟ್ಟರೆ ಅದೇ ತಮ್ಮ ಪ್ರಗತಿಪತ್ರ.

ಕಿವಿಯಚ್ಚಿನ ಮಾತು ಬಂದದ್ದಕ್ಕೆ ಹೇಳಬೇಕು. ಮಕ್ಕಳ ಕಿವಿ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಸಡಿಲವಾದ ಅಚ್ಚಿನಿಂದ ಸದ್ದು ಸೋರಿ ‘ಕುಂಯ್’ ಎನ್ನುತ್ತದೆ, ಪಕ್ಕದ ಹುಡುಗ ನಗುತ್ತಾನೆ, ಹುಡುಗಿ ಮಷೀನು ಬಿಚ್ಚಿ ಜೇಬಿಗೆ ಹಾಕುತ್ತಾಳೆ. ಹೊಸ ಅಚ್ಚಿಗೆ ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಮೈಸೂರಿನ ಮಾನಸಗಂಗೋತ್ರಿಯ ಬಳಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಅಲ್ಲಿ ಕಿವಿ ಪರೀಕ್ಷೆ, ಅಚ್ಚು, ಮಾತಿನ ತರಬೇತಿ ಎಲ್ಲವೂ ಒಂದೇ ಅಂಗಳದಲ್ಲಿ. ಬೀದರಿನಿಂದ ಆ ಅಂಗಳ ಎಷ್ಟು ದೂರ ಎಂದು ಕೇಳಿದರೆ ನಕ್ಷೆ ತೋರಿಸುತ್ತಾರೆ.

ತಮ್ಮ ಪಕ್ಷ ವಹಿಸಿ ಮಾತಾಡುವವರೂ ಇದ್ದಾರೆ. ಏಪ್ರಿಲ್‌ನಲ್ಲಿ ಕಲಬುರಗಿಯ ಶಾಲೆಗೆ ಹೋಗಿ ಫ್ಯಾನು ನಿಲ್ಲಿಸಿ ನೋಡಿ ಎನ್ನುತ್ತಾರೆ. ಒಪ್ಪಬೇಕಾದ ಮಾತೇ. 40 ಡಿಗ್ರಿ ದಾಟಿದ ಮಧ್ಯಾಹ್ನ ಯಾವ ಮಗುವಿಗೂ ಯಾವ ಪದದ ಬಾಲವೂ ಕೇಳಿಸುವುದಿಲ್ಲ. ಮಲೆನಾಡಿನಲ್ಲಿ ತಮ್ಮ ಅಗತ್ಯ ಕಡಿಮೆ, ಅಲ್ಲಿ ತಗಡಿನ ಸೂರಿನ ಮೇಲೆ ಜುಲೈ ತಿಂಗಳ ಮಳೆ ತಮ್ಮ ಹುದ್ದೆಯನ್ನು ಪ್ರಭಾರದಲ್ಲಿ ನೋಡಿಕೊಳ್ಳುತ್ತದೆ. ನಲಿ–ಕಲಿ ಕೋಣೆಯ ಕಥೆ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯವೆಲ್ಲ ಹರಡಿದ ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಕಾ ತಟ್ಟೆಗಳ ಸುತ್ತ ಗುಂಪಾಗಿ ಕೂತು, ಹಾಡಿ, ಕೇಳಿ, ಹೇಳಿ ಕಲಿಯುತ್ತಾರೆ. ಒಳ್ಳೆಯ ಪದ್ಧತಿ, ಮಕ್ಕಳ ಗದ್ದಲವೇ ಅದರ ಜೀವ. ಮಷೀನು ಹಾಕಿದ ಮಗುವಿಗೆ ಅಲ್ಲಿ ಏಕಕಾಲಕ್ಕೆ ಐದು ಗುಂಪಿನ ಪಾಠ ಉಚಿತ.

ಫ್ಯಾನು ನಿಲ್ಲಿಸಲಾಗದು, ಮಳೆ ನಿಲ್ಲಿಸಲಾಗದು, ಮಕ್ಕಳನ್ನು ನಿಲ್ಲಿಸಬಾರದು. ಹಾಗಿದ್ದ ಮೇಲೆ ಟೀಚರ್ ಬಾಯಿಯನ್ನೇ ಮಗುವಿನ ಕಿವಿಯ ಹತ್ತಿರ ತರುವುದು ಉಳಿದ ದಾರಿ. ಅದಕ್ಕೊಂದು ಉಪಕರಣ ಹಲವು ದಶಕಗಳಿಂದ ಇದೆ. ಹಿಂದೆ ಎಫ್ಎಂ ಎನ್ನುತ್ತಿದ್ದರು, ಈಗ 2.4 ಗಿಗಾಹರ್ಟ್ಸ್ ಡಿಜಿಟಲ್ ರಿಮೋಟ್ ಮೈಕ್. ಟೀಚರ್ ಕೊರಳ ಕೆಳಗೆ, ಬಾಯಿಗೆ ಒಂದು ಗೇಣು ದೂರದಲ್ಲಿ ಪುಟ್ಟ ಮೈಕು. ಅಲ್ಲಿಂದ ದನಿ ಗಾಳಿಯ ಹಂಗಿಲ್ಲದೆ ರೇಡಿಯೊ ಅಲೆಯಾಗಿ ನೇರ ಮಗುವಿನ ಮಷೀನಿಗೆ. ಮೂಲೆಯಲ್ಲಿ ಕೂತಿದ್ದರೂ ಟೀಚರ್ ಪಕ್ಕದಲ್ಲೇ ಮಾತಾಡಿದಂತೆ. ತಮ್ಮ ಐದಾರು ಅಡಿಯ ಮೇಲುಗೈ ಅಲ್ಲಿಗೆ ಮುಗಿಯುತ್ತದೆ.

ಈ ಶಾಲೆಗೂ ಯಾರೋ ಪುಣ್ಯಾತ್ಮರು ಅಂಥದ್ದೊಂದನ್ನು ದಾನ ಕೊಟ್ಟಿದ್ದಾರೆ. ಮೊದಲ ವಾರ ಟೀಚರ್ ಉತ್ಸಾಹದಿಂದ ಹಾಕಿಕೊಂಡರು. ತಾಳಿ ಸರ ಮೈಕಿಗೆ ಬಡಿದು ಹುಡುಗಿಗೆ ಪಾಠದ ಜೊತೆಗೆ ಟಣಟಣ ಕೇಳಿಸಿತು. ಮ್ಯೂಟ್ ಒತ್ತಲು ಮರೆತು ಸ್ಟಾಫ್ ರೂಮಿಗೆ ಹೋದ ದಿನ ವರ್ಗಾವಣೆ ಕೌನ್ಸೆಲಿಂಗಿನ ಒಳಗುಟ್ಟೆಲ್ಲ ಎರಡನೇ ತರಗತಿಯ ಮೂರನೇ ಬೆಂಚಿಗೆ ತಲುಪಿತು; ಆ ವರ್ಷ ಅವಳು ಅತ್ಯಂತ ಸ್ಪಷ್ಟವಾಗಿ ಕೇಳಿಸಿಕೊಂಡ ಪಾಠ ಅದೇ ಎನ್ನಬಹುದು. ಬೇರೆ ಮಕ್ಕಳು ಉತ್ತರ ಹೇಳುವಾಗ ಮೈಕನ್ನು ಅವರ ಕೈಗೆ ಕೊಡಬೇಕು, ಇಲ್ಲವೇ ಟೀಚರ್ ಆ ಉತ್ತರವನ್ನು ಇನ್ನೊಮ್ಮೆ ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದಕ್ಕೆ ಅರ್ಧ ದಿನ ಸಾಕಿತ್ತು. ಬದಲಿಗೆ ಮೈಕನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಕಳೆದುಹೋದರೆ ಯಾರು ಹೊಣೆ ಎಂಬ ಪ್ರಶ್ನೆ ಎದ್ದು, ಡಬ್ಬಿ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಅದರ ಬ್ಯಾಟರಿ ಈಗ ಭದ್ರವಾಗಿ ಸಾಯುತ್ತಿದೆ.

ಮಷೀನಿಲ್ಲದ ಮಕ್ಕಳಿಗೆ ತಮ್ಮಿಂದ ತೊಂದರೆಯಿಲ್ಲ ಎಂದು ತಾವು ವಾದಿಸಬಹುದು. ಆದರೆ ಗದ್ದಲದ ನಡುವೆ ಮಾತನ್ನು ಬಿಡಿಸಿಕೊಳ್ಳುವ ಶಕ್ತಿ ಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ದೊಡ್ಡವರಿಗೆ ‘ಪರವಾಗಿಲ್ಲ’ ಎನಿಸುವ ಕೋಣೆ ಏಳು ವರ್ಷದವರಿಗೆ ಹಾಗಿರುವುದಿಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ‘ಮಾರ್ಸ್’ ಎಂಬ ಯೋಜನೆಯಡಿ ಟೀಚರ್ ಕೊರಳಿಗೆ ಮೈಕು, ಕೋಣೆಗೆ ಸ್ಪೀಕರು ಹಾಕಿ ನೋಡಿದರು. ಅಲ್ಪಸ್ವಲ್ಪ ಶ್ರವಣದೋಷವಿದ್ದು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳು ಸುಧಾರಿಸಿದರು. ಅವರನ್ನು ಬೇರೆ ಕೋಣೆಗೆ ಕರೆದೊಯ್ದು ವಿಶೇಷ ಪಾಠ ಹೇಳುವುದಕ್ಕಿಂತ ಇದೇ ಅಗ್ಗವಾಯಿತು. ನೆಗಡಿಯಿಂದ ಕಿವಿ ಕಟ್ಟಿದ ಮಕ್ಕಳು, ಸೋರುವ ಕಿವಿಯ ಮಕ್ಕಳು ನಮ್ಮ ಯಾವ ತರಗತಿಯಲ್ಲಿಲ್ಲ?

ಕಾನೂನಿನ ಪ್ರಕಾರವೂ ತಾವು ಸುರಕ್ಷಿತರು. 2000ದ ಶಬ್ದಮಾಲಿನ್ಯ ನಿಯಮಗಳಡಿ ಶಾಲೆಯ ಸುತ್ತಲ 100 ಮೀಟರು ನಿಶ್ಶಬ್ದ ವಲಯವಾಗಬಹುದು, ಹಗಲಿನ ಮಿತಿ 50 ಡೆಸಿಬೆಲ್. ಹಾರನ್ ಹಾಕಬೇಡಿ ಎಂಬ ಫಲಕ ಗೇಟಿನ ಹೊರಗೆ, ಆಟೊದವರಿಗೆ. ಅಮೆರಿಕದವರು 2002ರಲ್ಲಿ ಖಾಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು, ಪ್ರತಿಧ್ವನಿ 0.6 ಸೆಕೆಂಡಿನಲ್ಲಿ ಅಡಗಬೇಕು ಎಂದು ಮಾನದಂಡ ಮಾಡಿಕೊಂಡರು. ಅಷ್ಟು ಶಾಂತವಾದ ಕೋಣೆಗೆ ತಮಗೆ ಪ್ರವೇಶವೇ ಸಿಗದು. ಇಲ್ಲಿ 2023ರಿಂದ ತಮ್ಮ ಕುಲಕ್ಕೆ ಸ್ಟಾರ್ ಚೀಟಿ ಕಡ್ಡಾಯವಾಗಿದೆ, ಎಷ್ಟು ವಿದ್ಯುತ್ತಿಗೆ ಎಷ್ಟು ಗಾಳಿ ಎಂದು. ಎಷ್ಟು ಗಾಳಿಗೆ ಎಷ್ಟು ಸದ್ದು ಎಂಬುದಕ್ಕೆ ಸ್ಟಾರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆ ಮಾಡಿಕೊಡಬೇಕು ಎನ್ನುತ್ತದೆ. ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ ನಷ್ಟವಿದ್ದರೇ ‘ಶ್ರವಣದೋಷ’; 45ರ ಮಗು ಕಾಗದದ ಮೇಲೆ ಆರೋಗ್ಯವಂತ, ಬೆಂಚಿನ ಮೇಲೆ ತಮ್ಮ ಶಿಷ್ಯ.

ಆದ್ದರಿಂದ ತಮ್ಮಲ್ಲಿ ಕೋರುವುದು ಇಷ್ಟೇ. ಶುಕ್ರವಾರ ಉಕ್ತಲೇಖನವಿದೆ, ಹತ್ತು ಪದ. ಆ ಹತ್ತು ನಿಮಿಷ ತಾವು ವಿಶ್ರಾಂತಿ ಪಡೆಯಬೇಕು. ರೆಗ್ಯುಲೇಟರ್ ಬಾಗಿಲ ಪಕ್ಕದಲ್ಲೇ ಇದೆ, ಟೀಚರ್ ಕೈಗೆ ಎಟುಕುತ್ತದೆ. ಹುಡುಗಿಯನ್ನು ಮೂರನೇ ಬೆಂಚಿನಿಂದ ಮುಂದಕ್ಕೆ, ಟೀಚರ್ ಮುಖದ ಮೇಲೆ ಕಿಟಕಿಯ ಬೆಳಕು ಬೀಳುವ ಕಡೆಗೆ ಕೂರಿಸಿದರೆ ತಾವು ಆಕ್ಷೇಪಿಸಬಾರದು. ಬೆಂಚಿನ ಕಾಲಿಗೆ ರಬ್ಬರು, ಕಿಟಕಿಗೆ ಹಳೆಯ ಪರದೆ, ತಮ್ಮ ಬೇರಿಂಗಿಗೆ ನಾಲ್ಕು ಹನಿ ಎಣ್ಣೆ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಮಂಜೂರಾದರೆ, ದಯವಿಟ್ಟು ಪ್ರತಿಷ್ಠೆಯ ಪ್ರಶ್ನೆ ಮಾಡಿಕೊಳ್ಳಬೇಡಿ.

ವಂದನೆಗಳೊಂದಿಗೆ,
ಹುಡುಗಿಯ ಕಿವಿಯ ಪರವಾಗಿ.

ಪ್ರತಿಗಳು: ತಗಡಿನ ಸೂರಿಗೆ, ಮಾಹಿತಿಗಾಗಿ. ಬೆಂಚಿನ ಕಾಲುಗಳಿಗೆ, ಮಾಹಿತಿಗಾಗಿ. ಬೀರುವಿನ ಬೀಗದ ಕೈ ಯಾರ ಬಳಿ ಇದೆಯೋ ಅವರಿಗೆ, ತುರ್ತು ಕ್ರಮಕ್ಕಾಗಿ.