ಉತ್ತರಕ್ಕ ಹೋದ ಗುರುಗಳು

(ಅಫಜಲಪುರ ಬಸ್ ನಿಲ್ದಾಣ. ಜೇವರ್ಗಿ ಬಸ್ ಹೋಗೇಬಿಟ್ಟದ, ಆಳಂದ ಬಸ್ ಬಂದೇ ಇಲ್ಲ. ಹುಡುಗ ಮೊಬೈಲಿನಾಗ ‘ಜುಜುತ್ಸು ಕೈಸೆನ್’ ಅನ್ನೋ ಜಪಾನಿ ಚಿತ್ರಕಥಿ (ಮಾಂಗಾ) ಮತ್ತೊಮ್ಮಿ ಓದ್ಲಾಕತ್ಯಾನ.)

ಕಾಕಾ: ಮಾರಿ ಯಾಕ ಸಣ್ಣ ಮಾಡಿದಿಲೇ?

ಹುಡುಗ: ಗೊಜೊ ಗುರುಗಳು ಸತ್ರು ಕಾಕಾ. 236ನೇ ಅಧ್ಯಾಯ.

ಕಾಕಾ: ಯಾವ ಮಠದವರು?

ಹುಡುಗ: ಜಪಾನಿನ ಮಂತ್ರವಿದ್ಯಾ ಸಾಲಿ ಮಾಸ್ತರು. ವೈರಿ ಸುಕುನಾ ಎರಡು ತುಂಡು ಮಾಡ್ಯಾನ. ಆದ್ರೂ ಬರ್ತಾರ!

ಕಾಕಾ: ಎರಡು ಕಂತಿನಾಗೇನು?

ಹುಡುಗ: ಪುರಾವಾ ಅದ. ಸತ್ತಮ್ಯಾಲ ವಿಮಾನ ನಿಲ್ದಾಣದಾಗ ಕುಂತಿದ್ರು. ಉತ್ತರಕ್ಕ ಹೋದ್ರ ಹೊಸ ಮನಷ್ಯಾ, ದಕ್ಷಿಣಕ್ಕ ಹೋದ್ರ ಹಳೇ ಮನಷ್ಯಾ ಅಂತ ಅಲ್ಲಿ ಮಾತು ಬಂತು. ಉತ್ತರಕ್ಕೇ ಹೋಗ್ಯಾರಂತ ನಮ್ಮ ಅಭಿಮಾನಿಗಳ ವಾದ.

ಕಾಕಾ: ಆಳಂದ ಬಸ್ಸಿಗಿ ನಿಂತಿದ್ರ ಇನ್ನೂ ಅಲ್ಲೇ ಇರ್ತಾರ ಬಿಡು. ನೋಡು, ನಮ್ಮ ಗಾಣಗಾಪುರದ ನರಸಿಂಹ ಸರಸ್ವತಿ ಸ್ವಾಮಿಗಳು ಶ್ರೀಶೈಲದ ಕದಳಿವನಕ್ಕ ಹೋಗುವಾಗ ಪಾದುಕಾ ಬಿಟ್ಟು, ಇಲ್ಲೇ ಇರ್ತೀನಂತ ಮಾತು ಕೊಟ್ಟು ಹೋದ್ರು. ಅದಕ್ಕ ಇವತ್ತಿಗೂ ಮಧ್ಯಾಹ್ನ ಮಧುಕರಿ ನಡೀತದ. ನಿಮ್ಮವರು ಏನರೆ ಹೇಳಿ ಹೋದ್ರೇನು?

ಹುಡುಗ: ಗೆಲ್ತೀನಿ ಅಂದಿದ್ರು.

ಕಾಕಾ: ಡಿಪಾಜಿಟ್ ಕಳಕೊಂಡವರೂ ಅದೇ ಅಂದಿರ್ತಾರ.

ಹುಡುಗ: ಆಮ್ಯಾಲ ಶಿಷ್ಯ ಯೂತಾ ಅವರ ಹೆಣದಾಗ ಹೊಕ್ಕು ಕಾದಾಡಿದ!

ಕಾಕಾ: ಪರಕಾಯ ಪ್ರವೇಶ! ಕಥಿ ಬರೆದ ಅಕುತಾಮಿಗಿ ನಮ್ಮ ಪುರಾಣ ಹೇಳಿದವರು ಯಾರು? ಇರಲಿ, ಕಥಿ ಮುಗದದೋ ಇಲ್ಲೋ?

ಹುಡುಗ: 2024ರ ಸೆಪ್ಟೆಂಬರಿನಾಗೇ, 271ಕ್ಕ.

ಕಾಕಾ: ಬಂದ್ರೇನು?

ಹುಡುಗ: ನೆನಪಿನಾಗ ಬಂದ್ರು. ನಾವು ಅದನ್ನ ಬಂದಾಂಗೇ ಹಿಡದೀವಿ.

(ಪಕ್ಕದ ಕಟ್ಟಿಮ್ಯಾಲಿನ ಹಿರಿಯರೊಬ್ಬರಿಗೆ ಇಷ್ಟೊತ್ತು ಕೇಳಿಸಿದ್ದು ‘ಹೆಣ’ ಒಂದೇ. ಇಂಥಾದ್ರಾಗ ನಮ್ಮ ಕಡೆ ಕಿವಿ ಚುರುಕು.)

ಹಿರಿಯರು: ಮಣ್ಣು ಎಷ್ಟೊತ್ತಿಗ್ರೀ?

ಹುಡುಗ: ಏನ್ ಮಾತಾಡ್ತೀರಿ ಯಜ್ಜಾ! ಅನಿಮೆದಾಗ ಇನ್ನೂ ಜೀವಂತ ಅದಾರ!